ಕುಂಬಳಕಾಯಿಯೊಂದೇ ಗೋಲ್ ಕಾಯುತ್ತಿತ್ತು

ಹೋದ ತಿಂಗಳು ನಮ್ಮ ನಡುಮನೆಯ ಚಾಪೆಯ ಮೇಲೆ ಹತ್ತು ಬದನೆಕಾಯಿಗಳು ಫುಟ್‌ಬಾಲ್ ಆಡಲು ನಿಂತಿದ್ದವು. ಗೋಲ್‌ಕೀಪರ್ ಕುಂಬಳಕಾಯಿ. (ಎಲ್ಲವೂ ನಾನು ಮಧ್ಯಾಹ್ನದ ಹುಳಿಗೆಂದು ತರಿಸಿದ್ದವು. ಕೇಳುವವರಾರು?)

ನಮ್ಮ ಯಜಮಾನರು ಕಡೂರಿನ ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್. ತರೀಕೆರೆಯ ಟೀಮಿನೆದುರು ಎರಡು ವರ್ಷದಿಂದ ಸೋಲು. ಈ ಸಲವೂ ಸೋತರೆ ಅರ್ಧ ಮೈದಾನ ಸೈಕಲ್ ಸ್ಟ್ಯಾಂಡ್ ಆಗುತ್ತದೆಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಜೊತೆಗೊಂದು ದಯೆಯನ್ನೂ ತೋರಿದ್ದರು: ಬೇಕಾದರೆ ಒಬ್ಬ ಅಸಿಸ್ಟೆಂಟ್ ಕೋಚ್‌ನನ್ನು ಇಟ್ಟುಕೊಳ್ಳಬಹುದು. ಸಂಬಳವಿಲ್ಲ. ಒಂದು ಸೀಟಿ, ಒಂದು ಬಿಳಿ ಟೋಪಿ.

ಅಷ್ಟಕ್ಕೇ ಇಬ್ಬರು ಮನೆಗೆ ಬಂದರು. ಒಬ್ಬ ಕಾಲೇಜಿನ ಗುಮಾಸ್ತ ನಾಗರಾಜ. ಇನ್ನೊಬ್ಬ ಅಜ್ಜಂಪುರದ ರುದ್ರೇಶ, ಈರುಳ್ಳಿ ಮಂಡಿಯವರ ಮಗ, ಯೂನಿವರ್ಸಿಟಿ ಟೀಮಿನಲ್ಲಿ ಆಡಿದವನು.

ಕಾಫಿ ಕೊಟ್ಟೆ. "ಸಕ್ಕರೆ ಸರಿಯಾಗಿದೆಯಾ?" ಎಂದೆ.

ನಾಗರಾಜ ಮೊದಲು ನಮ್ಮವರ ಮುಖ ನೋಡಿದ. ಅವರು ಕುಡಿದು ತಲೆಯಾಡಿಸಿದ ಮೇಲೆ, "ಫಸ್ಟ್‌ಕ್ಲಾಸ್ ಮೇಡಂ" ಎಂದ.

"ಒಂಚೂರು ಜಾಸ್ತಿ ಆಯ್ತು ಕಣಕ್ಕ," ಎಂದ ರುದ್ರೇಶ.

ಆಮೇಲೆ ಪ್ಲಾನು. ನಮ್ಮವರು ಹತ್ತೂ ಬದನೆಕಾಯಿಗಳನ್ನು ಚಾಪೆಯ ಆ ತುದಿಗೆ ನುಗ್ಗಿಸಿದರು. "ಎಲ್ಲಾ ಅಟ್ಯಾಕ್! ಹೆಂಗೆ?"

"ಸಾರ್, ತರೀಕೆರೆಯೋರು ಕನಸಲ್ಲೂ ಕಂಡಿರಲ್ಲ!" ಎಂದ ನಾಗರಾಜ.

ರುದ್ರೇಶ ಚಾಪೆಯ ಈ ತುದಿಗೆ ಬಗ್ಗಿ ನೋಡಿದ. "ಹಿಂದ್ಗಡೆ ಯಾರೂ ಇಲ್ವಲ್ಲ ಸಾರ್? ಪಾಪ, ಈ ಕುಂಬ್ಳಕಾಯಿ ಒಂದೇ ಏನ್ ಮಾಡ್ತೈತೆ?"

ನಾನು ನಗು ತಡೆಯಲು ಅಡುಗೆಮನೆಗೆ ಓಡಿದೆ. (ಹೆಂಗಸರು ಗಟ್ಟಿಯಾಗಿ ನಗಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಇನ್ನೂ ಹೋಗಿಲ್ಲ.)

ಸೀಟಿ ಯಾರಿಗೆ ಸಿಕ್ಕಿತೆಂದು ಬೇರೆ ಹೇಳಬೇಕೇ?

"ರುದ್ರೇಶನಿಗೆ ಹೊಂದಿಕೊಳ್ಳೋ ಗುಣ ಇಲ್ಲ ಕಣೇ. ನಾಗರಾಜನಿಗೆ ಆಟದ ಸೂಕ್ಷ್ಮ ಗೊತ್ತು," ಎಂದರು ನಮ್ಮವರು. ನಾಗರಾಜ ಆವತ್ತಿನವರೆಗೆ ಒದ್ದದ್ದೆಂದರೆ ತನ್ನ ಸ್ಕೂಟರಿನ ಕಿಕ್ ಮಾತ್ರ. ಬದನೆಕಾಯಿಗಳನ್ನು ಆರಿಸಿಕೊಂಡು ಹೋಗಿ ಹುಳಿ ಮಾಡಿದೆ.

ಮ್ಯಾಚಿನ ದಿನ ತರೀಕೆರೆಗೆ ನಾನೂ ಹೋದೆ. ನೋಡಿದರೆ, ಎದುರು ಟೀಮಿನ ಪಕ್ಕದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ರುದ್ರೇಶ! ಇಲ್ಲಿ ಬೇಡವೆಂದವನನ್ನು ಅಲ್ಲಿನ ಕೋಚ್ ಕರೆದು ಕೂರಿಸಿಕೊಂಡಿದ್ದರು.

"ಚೆನ್ನಾಗಿದ್ದೀರಾ ಅಕ್ಕ? ಈಗ ಸಕ್ಕರೆ ಎಷ್ಟಾಕ್ತಿದ್ದೀರಿ?" ಎಂದು ನಕ್ಕ.

ಅರ್ಧ ಆಟದ ಹೊತ್ತಿಗೆ ಮೂರು ಗೋಲು ಬಿದ್ದಿದ್ದವು. ನಮ್ಮವರು ಬೆವರೊರೆಸಿಕೊಂಡು, "ನಾಗರಾಜ, ಇಬ್ರನ್ನ ಹಿಂದಕ್ಕೆ ಕಳಿಸೋಣ್ವಾ?" ಎಂದರು.

"ಕಳಿಸೋಣ ಸಾರ್."

"ಅಥವಾ ಹಿಂಗೇ ಇರ್ಲಾ?"

"ಇದೇ ಬೆಸ್ಟ್ ಸಾರ್."

ಹಾಗೇ ಇತ್ತು. ಐದು ಗೋಲಿನಿಂದ ಸೋತೆವು. ಸೋಮವಾರ ಪ್ರಿನ್ಸಿಪಾಲರು ಹಗ್ಗ ಹಿಡಿಸಿ ಮೈದಾನ ಅಳೆಸಿದರು. ಹಗ್ಗದ ಒಂದು ತುದಿ ಹಿಡಿದಿದ್ದವನು ನಾಗರಾಜ. "ಸೈಕಲ್ ಸ್ಟ್ಯಾಂಡಿಗೆ ಇದೇ ಬೆಸ್ಟ್ ಜಾಗ ಸಾರ್," ಎಂದನಂತೆ.

ಅಂದು ಸಂಜೆ ನಮ್ಮವರು ಬೂಟು ಬಿಚ್ಚಲೂ ಮರೆತು ಕೂತಿದ್ದರು. ಕಾಫಿ ಆರುತ್ತಿತ್ತು. ಕೊನೆಗೆ ಕೇಳಿದರು: "ನಿಜ ಹೇಳೇ. ನನ್ನ ಪ್ಲಾನೇ ಸರಿ ಇರ್ಲಿಲ್ವಾ?"

ಅವರ ಮುಖ ನೋಡಿದೆ.

"ಛೆ, ಪ್ಲಾನು ಚೆನ್ನಾಗೇ ಇತ್ತು ಕಣ್ರೀ. ಗಾಳಿ ಆ ಕಡೆಯಿಂದ ಬೀಸ್ತಿತ್ತು," ಎಂದೆ.

ಈಗ ಹೇಳಿ, ಸೀಟಿಯೂ ಟೋಪಿಯೂ ಇಲ್ಲದೆ ಇಷ್ಟು ವರ್ಷ ಅಸಿಸ್ಟೆಂಟ್ ಕೋಚ್ ಆಗಿರುವವರು ಯಾರು?