ಕೊನೆಯ ಎಲೆಗೆ ನೂಕಾಟ

ದೀನತೆ ಎಂದರೇನಜ್ಜಿ ಎಂದು ಮೊನ್ನೆ ಸಂಡೇ ಸ್ಕೂಲಿನಿಂದ ಬಂದವರೇ ಕೇಳಿದಿರಿ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಈಗಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಹಾನಗಲ್ಲಿನ ಕಡೆಯಿಂದ ನಾನು ತಡಸಕ್ಕೆ ಸೊಸೆಯಾಗಿ ಬಂದ ವರ್ಷವದು. ಎಪ್ಪತ್ತರ ದಶಕದ ನಡುವೆ ಇರಬೇಕು. ನಮ್ಮದು ಸಣ್ಣ ಸಭೆ, ಹಂಚಿನ ಚರ್ಚು. ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ದೇವರಿಗೆ ಸ್ತೋತ್ರ ಹೇಳಿ, ಅಂಗಳದಲ್ಲೇ ಎಲ್ಲರೂ ಕೂಡಿ ಉಣ್ಣುತ್ತಿದ್ದೆವು. ಆ ಸಲ ಗೋದಿ ಹುಗ್ಗಿ ಮಾಡುವ ಹೊಣೆ ಮೊದಲ ಬಾರಿಗೆ ನಮ್ಮ ಅತ್ತೆಯವರ ಪಾಲಿಗೆ ಬಂದಿತ್ತು. ಹಿಂದಿನ ವರ್ಷ ಬೇರೊಬ್ಬರು ಮಾಡಿದ ಹುಗ್ಗಿ ಆರಿ ಗಟ್ಟಿಯಾಗಿ, ಜನ ಎಲೆಯಲ್ಲೇ ಬಿಟ್ಟು ಎದ್ದಿದ್ದರಂತೆ. ಅದನ್ನು ಆಡಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕವರು ನಮ್ಮ ಅತ್ತೆಯೇ. ಈಗ ತಮ್ಮ ಹುಗ್ಗಿಯೂ ಹಾಗಾದರೆ ಓಣಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಹಿರೇಕೆರೂರಿನ ಕಡೆಯಿಂದ ಬಂದ ಪಾದ್ರಿಯವರು ಅಂದು ದೀನತೆಯ ಮೇಲೆಯೇ ಪ್ರಸಂಗ ಮಾಡಿದರು. ಊಟಕ್ಕೆ ಕರೆದಲ್ಲಿ ಕೊನೆಯ ಜಾಗ ಹುಡುಕಬೇಕೆಂದು ಯೇಸುಸ್ವಾಮಿ ಕಲಿಸಿದ್ದನ್ನು ಬಹಳ ಚೆನ್ನಾಗಿ ಹೇಳಿದರು. ಎಲ್ಲರ ಮನಸ್ಸಿಗೂ ತಾಕಿತು, ಸ್ವಲ್ಪ ಹೆಚ್ಚೇ ತಾಕಿತು.

ಅಂಗಳದಲ್ಲಿ ಎಲೆ ಹಾಕಿದ್ದರು. ಪ್ರತಿ ವರ್ಷ ಮೊದಲ ಎಲೆಗೆ ಕೂಡುತ್ತಿದ್ದ ನಿವೃತ್ತ ಮಾಸ್ತರರು ಅಂದು ನೆಟ್ಟಗೆ ಕೊನೆಯ ಎಲೆಗೆ ನಡೆದರು. ಅಲ್ಲಿ ಆಗಲೇ ದರ್ಜಿ ಕಾಕಾ ಕುಳಿತಿದ್ದರು.

“ಏಳೋ ತಮ್ಮಾ, ನಾ ಪಾಪಿ. ಇದು ನನ್ನ ಜಾಗಾ.”

“ನಿಮಗಿಂತ ದೊಡ್ಡ ಪಾಪಿ ನಾ ಅದೀನ್ರಿ, ಮಾಸ್ತರ.”

“ಅದು ಊರಿಗೆಲ್ಲಾ ಗೊತ್ತೈತಿ. ಈಗ ಸರಕೋ.”

ಉಳಿದವರೂ ಅಲ್ಲಿಗೇ ನುಗ್ಗಿದರು. ಪಾದ್ರಿಯವರು ಕೊನೆಯ ಎಲೆಯನ್ನೂ ದಾಟಿ ಹೋಗಿ, ಚಪ್ಪಲಿ ಬಿಟ್ಟಲ್ಲಿ ಗೋಡೆಗೆ ಒರಗಿ ನಿಂತರು. ಮುಂದಿನ ಎಲೆಗಳು ಖಾಲಿಯಾಗಿ ಗಾಳಿಗೆ ಹಾರತೊಡಗಿದವು.

ಒಲೆಯ ಹತ್ತಿರ ಅತ್ತೆ ಸೌಟು ಹಿಡಿದು ನಿಂತಿದ್ದರು. “ಇವರ ದೀನತಿ ಮುಗಿಯೂದ್ರಾಗ ನನ್ನ ಹುಗ್ಗಿ ಕಲ್ಲಾಕ್ಕೈತಿ” ಎಂದು ಗೊಣಗಿ ನನ್ನ ಕಡೆ ತಿರುಗಿದರು. “ಹೋಗವಾ, ನೀ ಮೊದಲ್ನೇ ಎಲಿಗೆ ಕುಂದರು.”

“ಗಂಡಸರ ಮುಂದ ನಾನಾ? ಎಲ್ಲಾರದೂ ಆದಮ್ಯಾಲೆ ಉಣ್ತೇನ್ರಿ, ಅತ್ತಿ.”

“ನೀನೂ ಅವರಂಗ ಶುರು ಮಾಡಬ್ಯಾಡ. ನೀ ಕುಂತ್ರ ಅವರೂ ಕುಂದರ್ತಾರ.”

ಹೆಂಗಸರು, ಅದರಲ್ಲೂ ಹೊಸ ಸೊಸೆ, ಎಲ್ಲರಿಗಿಂತ ಹಿಂದೆ ಉಣ್ಣುವ ಕಾಲ ಅದು. ಅದು ನನಗೆ ಕಷ್ಟವೂ ಆಗಿರಲಿಲ್ಲ, ಹಿಂದೆ ಇದ್ದರೆ ಯಾರ ಕಣ್ಣೂ ಬೀಳುವುದಿಲ್ಲ. ಆದರೆ ನಸುಕಿನಿಂದ ಹೊಗೆ ಕುಡಿದ ಅತ್ತೆಯ ಮುಖ ನೋಡಿದೆ. ಅಂಗಳದಲ್ಲಿ ಅಷ್ಟು ಜನ ತಮ್ಮ ತಮ್ಮ ದೀನತೆಯ ಚಿಂತೆಯಲ್ಲಿದ್ದರು, ಅತ್ತೆಯ ಚಿಂತೆ ಯಾರಿಗೂ ಇರಲಿಲ್ಲ. ಮಂದಿ ನಾಚಿಕೆಗೆಟ್ಟವಳು ಅಂದರೆ ಅನ್ನಲಿ ಎಂದು ಸೆರಗು ಎಳೆದುಕೊಂಡು ಹೋಗಿ ಮೊದಲ ಎಲೆಯ ಮುಂದೆ ಕುಳಿತೆ.

ಗದ್ದಲ ನಿಂತಿತು. ದರ್ಜಿ ಕಾಕಾ ಮೊದಲು ನಕ್ಕರು. “ಸಣ್ಣ ಹುಡುಗಿ ಕುಂತಳು. ಇನ್ನ ನಾವು ಜಗಳಾಡಿದ್ರ ಚೆಂದ ಕಾಣೂದಿಲ್ಲ, ನಡೀರಿ.”

ಗೋಡೆಯ ಹತ್ತಿರದ ಪಾದ್ರಿಯವರೊಬ್ಬರನ್ನು ಬಿಟ್ಟು ಎಲ್ಲರೂ ಸಿಕ್ಕಲ್ಲಿ ಕುಳಿತರು. ಮಾಸ್ತರರಿಗೆ ಉಳಿದದ್ದು ನನ್ನ ಪಕ್ಕದ ಎಲೆ. ಹುಗ್ಗಿ ಬಡಿಸಿ ಆದ ಮೇಲೆ ಅವರು ಮೆಲ್ಲಗೆ ಅಂದರು: “ನಮ್ಮ ಸಭಾದಾಗ ಮೊದಲ್ನೇ ಎಲಿಯವರು ಪ್ರಾರ್ಥನಾ ಮಾಡಬೇಕು, ಮಗಳ.”

“ನನಗ ಗೊತ್ತಿರಲಿಲ್ರಿ.”

“ನನಗ ಗೊತ್ತಿತ್ತು” ಎಂದು ಅವರು ಕಣ್ಣು ಮುಚ್ಚಿಬಿಟ್ಟರು.

ಬಾಯಿಗೆ ಬಂದದ್ದನ್ನು ಹೇಳಿದೆ: “ಕರ್ತನೇ, ಅತ್ತಿ ನಸುಕಿನಾಗ ಎದ್ದು ಹುಗ್ಗಿ ಮಾಡ್ಯಾರ. ಅದು ಆರೂಕಿಂತ ಮೊದಲ ಉಣ್ತೇವಿ. ಆಮೆನ್.”

ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವರು ಪಾದ್ರಿಯವರು. ಗೋಡೆ ಬಿಟ್ಟು ಬಂದು, “ನಾ ಎಲ್ಲಿ ಕುಂದರಲಿ, ಅವ್ವಾ?” ಎಂದು ಅತ್ತೆಯನ್ನು ಕೇಳಿದರು.

“ಎಲಿ ಎಲ್ಲೈತಿ ಅಲ್ಲಿ ಕುಂದರ್ರಿ.”

ಅಂದು ಯಾರ ಎಲೆಯಲ್ಲೂ ಹುಗ್ಗಿ ಉಳಿಯಲಿಲ್ಲ, ಎರಡು ಸಲ ಹಾಕಿಸಿಕೊಂಡವರೇ ಹೆಚ್ಚು. ಎಲ್ಲರೂ ಎದ್ದ ಮೇಲೆ ಅತ್ತೆ ಕುಳಿತರು. ಪಾತ್ರೆಯ ತಳ ಕೆರೆದು ನಾನೇ ಬಡಿಸಿದೆ.

“ಗಟ್ಟಿ ಆಗೇತೇನ?” ಎಂದು ಕೇಳಿದರು.

“ಈಗ ಆಗೇತ್ರಿ.”

“ಯಾರ ಮುಂದೂ ಹೇಳಬ್ಯಾಡ” ಎಂದು ನಗುತ್ತ ಉಂಡರು.