ಇನ್ನೂರು ಕಿಲೋಮೀಟರ್ ಆಚೆಯ ಎಡಗೈ

ಭಾನುವಾರ, ಬೆಳಗಿನ ಆರು ಗಂಟೆ. ಉದ್ಯಾನದ ಕಬ್ಬಿಣದ ಗೇಟು ಇನ್ನೂ ಅರ್ಧವೇ ತೆರೆದಿದೆ. ಕೊಳದ ಪಕ್ಕದ ದೊಡ್ಡ ಮರದ ಕೆಳಗೆ ಐವತ್ತೆಂಟರ ಒಬ್ಬರು ಚಪ್ಪಲಿ ಬಿಚ್ಚಿಟ್ಟು, ಕಾಂಡಕ್ಕೆ ಅಂಗೈ ತಾಗಿಸಿ, ಕಣ್ಣು ಮುಚ್ಚಿ ಅರೆಗಳಿಗೆ ನಿಲ್ಲುತ್ತಾರೆ. ಆಮೇಲೆ ಮರಳಿನ ಪುಟ್ಟ ಚೀಲಕ್ಕೆ ಹಗ್ಗ ಕಟ್ಟಿ ಎತ್ತರದ ಕೊಂಬೆಯತ್ತ ಬೀಸುತ್ತಾರೆ. ಚೀಲ ಎಲೆಗಳಿಗೆ ಬಡಿದು ಕಾಲ ಬುಡಕ್ಕೇ ಬೀಳುತ್ತದೆ.

“ಮರಕ್ಕೆ ಕೈಮುಗಿದ್ರೆ ಸಾಲದು ಅಣ್ಣಾ, ಗುರೀನೂ ಬೇಕು,” ಎಂದು ಬೆಂಚಿನ ಮೇಲೆ ಬ್ಯಾಟರಿ ಇಳಿಸುತ್ತಾ ಬಸ್ ಡ್ರೈವರ್ ಛೇಡಿಸುತ್ತಾರೆ.

“ನೀನು ಬಸ್ಸನ್ನ ಸ್ಟಾಪಿನಲ್ಲೇ ನಿಲ್ಲಿಸಿದ ದಿನ ನಾನೂ ಗುರಿ ಕಲೀತೀನಿ, ಬಿಡು.”

ಎರಡನೆಯ ಎಸೆತಕ್ಕೆ ಹಗ್ಗ ಕೊಂಬೆ ದಾಟುತ್ತದೆ. ಅದರ ಬೆನ್ನಿಗೇ ಇಪ್ಪತ್ತು ಮೀಟರ್ ತಾಮ್ರದ ತಂತಿ ಮರವೇರುತ್ತದೆ. ಅದೇ ಏರಿಯಲ್. ಬೆಂಚಿನ ಮೇಲೆ ದಪ್ಪ ಪುಸ್ತಕದಷ್ಟಿರುವ ರೇಡಿಯೊ, ಸಂಕೇತ ಕುಟ್ಟಲು ಹಿತ್ತಾಳೆಯ ಸಣ್ಣ ಕೀಲಿ, ಒಂದು ಫ್ಲಾಸ್ಕು, ಒಂದು ನೋಟ್‌ಬುಕ್ಕು. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದ ನರ್ಸಮ್ಮ ಗಡಿಯಾರ ನೋಡುತ್ತಾರೆ. ಮೂವರೂ ಪರೀಕ್ಷೆ ಕಟ್ಟಿ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರು. ಆದರೆ ಇವರನ್ನು ಒಟ್ಟಿಗೆ ಕಟ್ಟಿಹಾಕಿರುವವರು ಚೀಲ ಎಸೆದ ಸುರುಳಿಯಣ್ಣ.

ಹೆಸರು ಕಸುಬಿನಿಂದ ಬಂದದ್ದು. ಸುಟ್ಟುಹೋದ ಮೋಟಾರುಗಳ ಕರಕಲು ತಂತಿ ಕಿತ್ತು ಹೊಸ ತಾಮ್ರದ ಸುರುಳಿ ಸುತ್ತುವುದು ಅವರ ಕೆಲಸ. ನಲವತ್ತೊಂದು ವರ್ಷದಿಂದ ಅದೇ. ಹತ್ತಡಿ ಅಗಲದ ಅಂಗಡಿ, ವಾರ್ನಿಷಿನ ವಾಸನೆ, ಬಾಗಿಲಿಗೆ ಮುಖಮಾಡಿದ ಸ್ಟೂಲು. ಒಂದು ಪಂಪಿನ ಮೋಟಾರಿಗೆ ಸುಮಾರು ಸಾವಿರದಿನ್ನೂರು ಸುತ್ತು. ನಡುವೆ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿದರೆ ಅಂದಾಜಿನಲ್ಲಿ ಮುಂದುವರಿಸುವ ಜಾಯಮಾನವಲ್ಲ. ಪೂರ್ತಿ ಬಿಚ್ಚಿ ಮೊದಲಿನಿಂದ ಶುರು. ಮೊದಲೆಲ್ಲ ದಿನಕ್ಕೆ ನಾಲ್ಕು ಮೋಟಾರು ಬರುತ್ತಿದ್ದವು. ಈಗ ಒಂದು ಬಂದರೆ ಪುಣ್ಯ, ಜನ ಹೊಸದನ್ನೇ ಕೊಳ್ಳುತ್ತಾರೆ. ತಂತಿ ಜಾರಿ ಜಾರಿ ಬೆರಳ ತುದಿಗಳು ಸ್ಪರ್ಶವನ್ನೇ ಮರೆತಿವೆ. “ಬಿಸಿ ಲೋಟ ಹಿಡಿದ್ರೂ ತಿಳಿಯಲ್ಲ. ನಾಲಿಗೆ ಸುಟ್ಟ ಮೇಲೇ ಗೊತ್ತಾಗೋದು,” ಎಂದು ನಗುತ್ತಾರೆ.

ಇಪ್ಪತ್ತೆಂಟು ವರ್ಷದ ಹಿಂದೆ ತಂತಿ ಕಚೇರಿಯ ಗುಮಾಸ್ತರೊಬ್ಬರು ಟೇಬಲ್ ಫ್ಯಾನ್ ರಿಪೇರಿಗೆ ತಂದರು. ಕಾಯುತ್ತಾ ಕೂತವರು ಬೆರಳಿನಿಂದ ಮೇಜು ಕುಟ್ಟುತ್ತಿದ್ದರು. ಅದು ಏನೆಂದು ಸುರುಳಿಯಣ್ಣ ಕೇಳಿದ್ದೇ ನೆಪವಾಯಿತು. ಅದು ಚುಕ್ಕೆ-ಗೆರೆಗಳಲ್ಲಿ ಅಕ್ಷರ ಕಳಿಸುವ ಮೋರ್ಸ್ ಸಂಕೇತ. ಅಂಗಡಿ ಮುಚ್ಚಿದ ಮೇಲೆ ದಿನಾ ಒಂದು ಗಂಟೆ ಪಾಠ. ಗುಮಾಸ್ತರು ಅಂದಿನಿಂದ ಮಾಸ್ತರಾದರು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ. ಮೂರನೆಯ ಸಲ ಪಾಸು.

“ಮದುವೆಯಾದ ಹೊಸದರಲ್ಲಿ ತಟ್ಟೆ ಮೇಲೆ ಚಮಚ ಕುಟ್ತಾ ಕೂತಿರೋರು,” ಎನ್ನುತ್ತಾರೆ ಹೆಂಡತಿ. “ಉಪ್ಪು ಕೇಳ್ತಿದ್ದಾರೆ ಅಂತ ತಿಳಿಯೋಕೆ ನಂಗೆ ಎರಡು ವರ್ಷ ಹಿಡೀತು. ಈಗ ಕೇಳಿಸಿದ್ರೂ ಕೇಳಿಸದ ಹಾಗೆ ಇರ್ತೀನಿ.”

ಎರಡು ವರ್ಷದ ಹಿಂದೆ ಮಾಸ್ತರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಹೋಯಿತು, ಬಲಗೈ ಸ್ವಾಧೀನ ತಪ್ಪಿತು. ಈಗ ಇನ್ನೂರು ಕಿಲೋಮೀಟರ್ ದೂರದಲ್ಲಿ ಮಗಳ ಮನೆಯಲ್ಲಿದ್ದಾರೆ. ಭಾನುವಾರ ಆರೂವರೆಗೆ ಮಗಳು ಅವರನ್ನು ಕುರ್ಚಿಯಲ್ಲಿ ಕೂರಿಸಿ ರೇಡಿಯೊ ಹಚ್ಚುತ್ತಾರೆ. ಅವರು ಕೂರಬಲ್ಲದ್ದು ಹದಿನೈದೇ ನಿಮಿಷ. ಅಷ್ಟರಲ್ಲಿ ಎಡಗೈಯಿಂದ ಕುಟ್ಟಿ ನಾಲ್ಕು ಮಾತಾಡುತ್ತಾರೆ. ಕಳೆದ ತಿಂಗಳು ಮಳೆಯಿಂದ ಒಂದು ವಾರ ಕರೆ ತಪ್ಪಿದಾಗ ಮಾಸ್ತರು ನಾಲ್ಕು ದಿನ ಹಾಸಿಗೆಯಿಂದ ಏಳಲೊಲ್ಲೆ ಎಂದು ಮುಖ ತಿರುಗಿಸಿ ಮಲಗಿದ್ದರಂತೆ.

ಫೋನ್ ಇದೆಯಲ್ಲ ಎಂದರೆ ಸುರುಳಿಯಣ್ಣ ತಲೆಯಾಡಿಸುತ್ತಾರೆ. “ಫೋನಲ್ಲಿ ಅವರ ಬಗ್ಗೆ ಮಗಳು ಮಾತಾಡ್ತಾಳೆ. ಇಲ್ಲಿ ಮಾಸ್ತರೇ ಮಾತಾಡ್ತಾರೆ.”

ಆರೂವರೆ. ಸುರುಳಿಯಣ್ಣ ಕೀಲಿ ಕುಟ್ಟಿ ಕರೆಯುತ್ತಾರೆ. ಸ್ಪೀಕರಿನಲ್ಲಿ ಬರೀ ಸೊರಸೊರ. ಮತ್ತೆ ಕರೆಯುತ್ತಾರೆ. ಆರು ಮೂವತ್ತೈದು. ಡ್ರೈವರ್ ಗುಂಡಿ ತಿರುಗಿಸಿ ನೋಡುತ್ತಾರೆ; ಸದಾ ಗದ್ದಲವಿರುವ ಕಡೆಯಲ್ಲೂ ಎರಡೋ ಮೂರೋ ಕ್ಷೀಣ ದನಿ. ಆರು ಮೂವತ್ತೆಂಟು. ಸುರುಳಿಯಣ್ಣ ಇನ್ನೊಮ್ಮೆ ಕರೆಯುತ್ತಾರೆ.

“ನಿನ್ನೆ ಮಗಳಿಗೆ ಫೋನ್ ಮಾಡಿದ್ದೆ ಅಣ್ಣಾ. ಚೆನ್ನಾಗೇ ಇದ್ದಾರೆ ಅಂದ್ಲು,” ಎನ್ನುತ್ತಾರೆ ನರ್ಸಮ್ಮ.

“ನಿನ್ನೆ ತಾನೇ?” ಎನ್ನುತ್ತಾರೆ ಸುರುಳಿಯಣ್ಣ.

ಕೊಳದಲ್ಲಿ ಬಾತುಕೋಳಿಯೊಂದು ರೆಕ್ಕೆ ಕೊಡವುತ್ತದೆ. ಆಮೇಲೆ ನರ್ಸಮ್ಮ ಮೆಲ್ಲಗೆ ಕೇಳುತ್ತಾರೆ, “ಅಣ್ಣಾ, ಇವತ್ತು ದೀಪ ನೋಡಿದ್ರಾ?”

ರೇಡಿಯೊದ ಪಕ್ಕ ಸುರುಳಿಯಣ್ಣನೇ ಕಟ್ಟಿದ ಪುಟ್ಟ ದೀಪವಿದೆ. ತಂತಿ ಸರಿಯಿದ್ದರೆ ಆರುತ್ತದೆ, ತಪ್ಪಿದ್ದರೆ ಉರಿಯುತ್ತದೆ. ದೀಪ ನೋಡದೆ ಯಾರನ್ನೂ ಕರೆಯಬೇಡಿ ಎಂದು ಪ್ರತಿ ವಾರ ಉಳಿದಿಬ್ಬರಿಗೂ ಗದರುವವರು ಅವರೇ. ಇವತ್ತು ತಾವೇ ನೋಡಿಲ್ಲ. ಸ್ವಿಚ್ಚು ಒತ್ತಿ ಕೀಲಿ ಅದುಮಿದರೆ ದೀಪ ಕೆಂಪಗೆ ಉರಿಯುತ್ತದೆ.

ಒಮ್ಮೆಲೇ ನೆನಪಾಗುತ್ತದೆ. ಹೋದ ವಾರ ಮಾಸ್ತರ ಮಾತು ಮುಗಿದ ಮೇಲೆ, ನರ್ಸಮ್ಮನಿಗೆ ದೂರದ ದೇಶದವರು ಸಿಗಲಿ ಎಂದು ತಂತಿಯ ಎರಡೂ ಬದಿಯ ಕೊಂಡಿ ಬಿಚ್ಚಿ ಏರಿಯಲ್ ಗಿಡ್ಡ ಮಾಡಿದ್ದರು; ದೂರದವರಿಗೆ ಗಿಡ್ಡ ತಂತಿ, ಮಾಸ್ತರಿಗೆ ಉದ್ದದ್ದು. ಮಡಚುವಾಗ ಮತ್ತೆ ಹಾಕಿದ್ದು ಒಂದು ಬದಿಯ ಕೊಂಡಿ ಮಾತ್ರ. ಈ ಬೆಳಿಗ್ಗೆ ಆ ಜಾಗದ ಮೇಲೆ ಬೆರಳು ಹಾಯ್ದಿರಲೇಬೇಕು. ಸತ್ತ ಬೆರಳಿಗೆ ತಿಳಿದಿಲ್ಲ.

“ಇಳಿಸು, ಬೇಗ ಇಳಿಸು.” ಡ್ರೈವರ್ ಹಗ್ಗ ಬಿಡುತ್ತಾರೆ. ಸುರುಳಿಯಣ್ಣ ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ಓಡಿ ಕೊಂಡಿ ಸಿಕ್ಕಿಸುತ್ತಾರೆ. ತಂತಿ ಮತ್ತೆ ಮರವೇರುತ್ತದೆ. ದೀಪ ಆರುತ್ತದೆ. ಆರು ನಲವತ್ತೆರಡು.

ಕರೆಯುವ ಮೊದಲೇ ಸ್ಪೀಕರಿನಿಂದ ಕೇಳಿಸುತ್ತದೆ: ಕುಂಟುವ ಚುಕ್ಕೆಗಳು, ಬೇಕಾದ್ದಕ್ಕಿಂತ ಉದ್ದದ ಗೆರೆಗಳು. ಎಡಗೈಯ ನಡಿಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿದ ಕನ್ನಡದ ಮಾತು. ನರ್ಸಮ್ಮ ಒಂದೊಂದೇ ಅಕ್ಷರ ಬರೆದುಕೊಂಡು ಓದುತ್ತಾರೆ: “ತಂತಿ ನೋಡು. ತಂತಿ ನೋಡು.”

ಇವರ ಬಡಕಲು ಕರೆ ಅಲ್ಲಿಗೆ ಹೇಗೋ ಮುಟ್ಟಿದೆ. ಅಷ್ಟೂ ಹೊತ್ತು ಮಾಸ್ತರು ಉತ್ತರಿಸುತ್ತಲೇ ಇದ್ದಾರೆ. ಕಿವುಡಾಗಿದ್ದು ಈ ಕಡೆಯ ತಂತಿ.

ಡ್ರೈವರ್ ಮುಖ ಆಚೆ ತಿರುಗಿಸಿ ನಗುತ್ತಾರೆ. “ಮಾತು ಹೋದ್ರೂ ಬೈಯೋದು ಹೋಗಿಲ್ಲ ನೋಡಿ.”

ಸುರುಳಿಯಣ್ಣ ಕೀಲಿ ಮುಟ್ಟುತ್ತಾರೆ. ನೋಡಿದೆ, ತಪ್ಪು ನನ್ನದು, ಈಗ ಹೇಗಿದೆ ಎಂದು ಕೇಳುತ್ತಾರೆ. ದನಿಯ ಸ್ಪಷ್ಟತೆಗೆ ಐದರಲ್ಲಿ ಅಂಕ ಹೇಳುವುದು ಇವರ ಲೋಕದ ರೂಢಿ. ಅರ್ಧ ಕೇಳಿಸಿದರೂ ಎಲ್ಲರೂ ಮರ್ಯಾದೆಗೆ ಐದು ಎಂದುಬಿಡುತ್ತಾರೆ. ಮಾಸ್ತರು ಮಾತ್ರ ಹಾಗಲ್ಲ. ಮೂರಾದರೆ ಮೂರೇ.

ಐದು ಸಣ್ಣ ಚುಕ್ಕೆಗಳು ಬರುತ್ತವೆ, ಒಂದೊಂದೂ ದಣಿದು ನಿಂತು. ಸಂಕೇತದಲ್ಲಿ ಅದು ಐದರ ಅಂಕಿ. ಆಮೇಲೆ ನಿಶ್ಶಬ್ದ. ಆರು ನಲವತ್ತೈದು, ಮಗಳು ಅವರನ್ನು ಮಲಗಿಸುವ ಹೊತ್ತು.

ಸುರುಳಿಯಣ್ಣ ನೋಟ್‌ಬುಕ್ಕಿನಲ್ಲಿ ಸಮಯ, ಮಾಸ್ತರು ಕೊಟ್ಟ ಅಂಕ ಬರೆದು, ಎದುರಿಗೆ ‘ಕೊಂಡಿ ಮರೆತೆ’ ಎಂದು ಸೇರಿಸುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಮೇಲಿನ ತಂತಿಯನ್ನು ನೋಡುತ್ತಾರೆ.

“ಮುಂದಿನ ಭಾನುವಾರವೂ ಅವರು ಕೂತಿರಲಿ. ಅಷ್ಟೇ ದೇವರಲ್ಲಿ ಕೇಳೋದು,” ಎನ್ನುತ್ತಾರೆ. ನೋಟ್‌ಬುಕ್ಕು ಮುಚ್ಚಿದವರು ಮತ್ತೆ ತೆರೆದು ಆ ಸಾಲಿನ ಮೇಲೆ ಬೆರಳಿಡುತ್ತಾರೆ. “ಮಾಸ್ತರು ಸುಮ್ಮಸುಮ್ಮನೆ ಐದು ಕೊಡೋರಲ್ಲ.”