ದಾದಾಸಾಹೇಬರ ಸೊಟ್ಟ ಮೀನುಗಳು

ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ಪ್ರಯೋಗಾಲಯ ಸಹಾಯಕರಾಗಿದ್ದ ದಾದಾಸಾಹೇಬರಿಗೆ ೨೦೦೪ರ ಹೊತ್ತಿಗೆ ಸೊಂಟನೋವು ಕಾಯಂ ಆಗಿತ್ತು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹನ್ನೊಂದು ಗಾಜಿನ ತೊಟ್ಟಿಗಳು. ದಿನಕ್ಕೆ ಇಪ್ಪತ್ತು ಕೊಡ ಹಳೇ ನೀರು ತೆಗೆದು ಅಷ್ಟೇ ಹೊಸ ನೀರು ಹೊಯ್ಯಬೇಕು. ಅವುಗಳಲ್ಲಿ ಏಳು ತೊಟ್ಟಿಗಳ ಮೀನು ಯಾರಿಗೂ ಬೇಡವಾದವು.

ಏಳು ವರ್ಷಗಳ ಹಿಂದೆ ಅವರು ಕೊಲ್ಹಾಪುರದಿಂದ ಒಂದು ಜೋಡಿ ಕಪ್ಪು ಏಂಜಲ್ ಮೀನು ತಂದಿದ್ದರು. ಮಖಮಲ್ಲಿನಂಥ ಆ ಕಪ್ಪು ಕೆಡಬಾರದೆಂದು ಹೊರಗಿನ ಮೀನು ಸೇರಿಸದೆ, ಪ್ರತಿ ಸಲವೂ ಒಡಹುಟ್ಟಿದವುಗಳಲ್ಲೇ ಜೋಡಿ ಮಾಡಿದರು. ನಾಲ್ಕನೆಯ ಪೀಳಿಗೆಗೆ ಬಣ್ಣ ಇನ್ನೂ ಗಾಢವಾಯಿತು, ಬೆನ್ನು ಸೊಟ್ಟಗಾಯಿತು. ಕೆಲವಕ್ಕೆ ಕಿವಿರಿನ ಮುಚ್ಚಳ ಗಿಡ್ಡ, ಕೆಲವಕ್ಕೆ ಹೊಟ್ಟೆಯ ಕೆಳಗಿನ ಉದ್ದ ರೆಕ್ಕೆಗಳೇ ಇಲ್ಲ. ಈ ಕಸುಬಿನವರು ಇಂಥವನ್ನು ಮರಿಯಿದ್ದಾಗಲೇ ಆರಿಸಿ ಕೊಂದುಬಿಡುತ್ತಾರೆ. ದಾದಾಸಾಹೇಬರು ಹೊತ್ತು ಮುಳುಗಿದ ಮೇಲೆ ಊಟ ಮುಟ್ಟದ ಜೈನರು. ಕೊಲ್ಲಲು ಕೈ ಬರಲಿಲ್ಲ, ಮೋಸದಿಂದ ಮಾರಲು ಮನಸ್ಸು ಬರಲಿಲ್ಲ. ಸಾಕಿದರು.

“ಮನಿ ಅಲ್ರಿ ಇದು, ಮೀನಿನ ಪಾಂಜರಪೋಳ” ಎಂದರು ಹೆಂಡತಿ ಜಿನ್ನವ್ವ. “ಪಾಂಜರಪೋಳದಾಗಿನ ಗೊಡ್ಡ ಆಕಳ ಆದ್ರ ಹುಲ್ಲರ ತಿಂತಾವ. ನಿಮ್ಮ ಮೀನಿನ ತಿನಿಸಿನ ಡಬ್ಬಿ ಮ್ಯಾಲ ಒಣ ಸೀಗಡಿ ಅಂತ ಬರದೈತಿ. ಆ ಪಾಪ ಯಾರ ಲೆಕ್ಕಕ್ಕ?”

ಆವತ್ತು ದಾದಾಸಾಹೇಬರ ಕಣ್ಣು ಮೂಲೆಯ ತೊಟ್ಟಿಯ ಮೇಲಿತ್ತು. ಅಲ್ಲಿದ್ದ, ಮರಿ ಮಾಡಬಲ್ಲ ಕೊನೆಯ ಕಪ್ಪು ಗಂಡು-ಹೆಣ್ಣು ಕಲ್ಲಿನ ಚಪ್ಪಡಿಯನ್ನು ಬಾಯಿಂದ ಉಜ್ಜುತ್ತಿದ್ದವು. ಅಂದರೆ ನಾಳೆಯೋ ನಾಡಿದ್ದೋ ಮೊಟ್ಟೆ. ಆಮೇಲೆ ಮುನ್ನೂರು ಮರಿ. ಇಡಲು ಜಾಗವಿಲ್ಲ. ಮೊಟ್ಟೆಗೆ ಜೀವ ಬಂದ ಮೇಲೆ ಅವರ ಕೈ ಕಟ್ಟಿದಂತೆಯೇ. ಈಗಲೇ ತಡೆದರೆ ಆ ಕಪ್ಪು ಇಲ್ಲಿಗೇ ಮುಗಿಯುತ್ತದೆ.

ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ ಕುರಿಗಾರ ಗೆಳೆಯ ಮಾಲಿಂಗಪ್ಪ ಕುಡಿಯುವ ನೀರಿಗೆ ಬಂದವನು ತೊಟ್ಟಿಗೆ ಮುಖ ಹಚ್ಚಿ ನಿಂತ.

“ಒಂದ ಹೊಟ್ಟಿ ಹುಟ್ಟಿದ್ದನ್ನ ಕೂಡಿಸೀರೇನ್ರಿ?”

“ಬಣ್ಣ ಉಳೀಬೇಕಲ್ಲೋ ಮಾಲಿಂಗಪ್ಪಾ.”

“ನಾವು ಎರಡ ವರ್ಷಕ್ಕೊಮ್ಮಿ ಟಗರ ಬದಲ ಮಾಡ್ತೇವ್ರಿ. ನಮ್ಮದು ಅಂಕಲಗಿ ಕಾಕಾನ ಹಿಂಡಿಗೆ, ಅವರದು ನಮ್ಮ ಹಿಂಡಿಗೆ. ಎಷ್ಟ ಚೆಂದ ಟಗರ ಇದ್ರೂ ತನ್ನ ಮಗಳ ಮ್ಯಾಲ ಬಿಡೂದಿಲ್ಲ. ಸಾಲಿ ಕಟ್ಟಿ ಹತ್ತಲಾರದ ನನಗ ಗೊತ್ತೈತಿ, ಸಾಲ್ಯಾಗ ಪಗಾರ ತಗೊಳ್ಳೋ ನಿಮಗ ಗೊತ್ತಿಲ್ಲ!”

ದಾದಾಸಾಹೇಬರು ನಕ್ಕರು. ನಗುವಾಗಲೂ ಸೊಂಟ ಹಿಡಿಯಿತು.

“ಹೊಸ ಗಂಡು ತರ್ರಿ.”

“ತಂದ್ರ ಮತ್ತ ಮರಿ, ಮತ್ತ ತೊಟ್ಟಿ. ಸಾಕಾತು.”

ಮಾಲಿಂಗಪ್ಪ ಹೋದ ಮೇಲೆ ಅವರು ಗಾಜಿನ ಹಲಗೆಯೊಂದನ್ನು ಅಳೆದು ಕತ್ತರಿಸಿ, ಗಂಡು-ಹೆಣ್ಣಿನ ನಡುವೆ ಇಳಿಸಿದರು. ಹೆಣ್ಣು ಮರುದಿನ ಒಂಟಿಯಾಗಿಯೇ ಚಪ್ಪಡಿಯ ಮೇಲೆ ಸಾಲಾಗಿ ಮೊಟ್ಟೆಯಿಟ್ಟಿತು. ಗಂಡಿನ ಬೀಜ ಸೋಕದ ಅವು ಮೂರನೆಯ ದಿನ ಅಷ್ಟೂ ಬೆಳ್ಳಗಾದವು. ಬೆಳ್ಳಗಾದದ್ದನ್ನು ಅದು ಒಂದೊಂದಾಗಿ ಬಾಯಿಂದ ಕಿತ್ತು ತೆಗೆಯುತ್ತಿತ್ತು. ದಾದಾಸಾಹೇಬರು ಸ್ಟೂಲಿನ ಮೇಲೆ ಕೂತು ಕೊನೆಯದರವರೆಗೂ ನೋಡಿದರು.

“ಜೀವ ಹೋದ್ವೇನ್ರಿ?” ಜಿನ್ನವ್ವ ಹಿಂದೆ ಬಂದು ನಿಂತಿದ್ದರು.

“ಇಲ್ಲ. ಬರಲೇ ಇಲ್ಲ.”

“ಇನ್ನುಳಿದವು ಎಷ್ಟ ವರ್ಷ ಬದಕತಾವ?”

“ನೆಟ್ಟಗಿದ್ದವು ಎಂಟು. ಸೊಟ್ಟವು ನಾಲ್ಕೋ ಐದೋ.”

“ಅಷ್ಟ ನಡೀತೈತಿ ಬಿಡ್ರಿ” ಎಂದು ಜಿನ್ನವ್ವ ಸೆರಗು ಸಿಕ್ಕಿಸಿ, ಪಕ್ಕದ ತೊಟ್ಟಿಯ ಗಾಜಿನ ಪಾಚಿ ತಿಕ್ಕತೊಡಗಿದರು.